ತಪ್ಪು ಎಣ್ಣೆ ಬಿದ್ದ ಕಾರು: ಬಂಕ್‌ನಿಂದ ಗ್ಯಾರೇಜಿನವರೆಗೆ ಏನು ಮಾಡಬೇಕು, ಏನು ಮಾಡಬಾರದು

ಡೀಸೆಲ್ ಕಾರಿಗೆ ಪೆಟ್ರೋಲ್ ಬಿದ್ದಿದೆ ಎಂದು ಈಗಷ್ಟೇ ಗೊತ್ತಾಗಿ, ಬಂಕ್‌ನಲ್ಲಿ ನಿಂತೇ ಇದನ್ನು ಓದುತ್ತಿದ್ದರೆ ಎರಡೇ ಮಾತು. ಕೀ ತಿರುಗಿಸಬೇಡಿ. ಮೊಬೈಲ್ ಹಿಡಿದುಕೊಂಡು ಪಂಪಿನಿಂದ ದೂರ ಬಂದು ಉಳಿದದ್ದನ್ನು ಓದಿ.

ತಪ್ಪು ದ್ರವ ಸುರಿದ ಜಾಗದಲ್ಲೇ ಕೂತಿದ್ದರೆ ಕೆಲಸ ಸಾವಿರಗಳಲ್ಲಿ ಮುಗಿಯುತ್ತದೆ. ಕಾರಿನೊಳಗಿನ ಪಂಪು ಅದನ್ನು ಮುಂದಕ್ಕೆ ಎಳೆದುಕೊಂಡಿತೋ, ಲೆಕ್ಕ ಲಕ್ಷಕ್ಕೆ ಹೋಗುತ್ತದೆ. ಡೀಸೆಲ್ ಇರಲಿ, ಬ್ರೇಕ್ ಆಯಿಲ್ ಇರಲಿ, ಕೂಲೆಂಟ್ ಇರಲಿ, ಎಷ್ಟು ಬಿತ್ತು ಎಂದು ಕೇಳುವ ಮೊದಲು ಎಲ್ಲಿಯವರೆಗೆ ಹೋಯಿತು ಎಂದು ಕೇಳಿಕೊಳ್ಳಬೇಕು. ಮುಂದೆ ಬರುವ ಪ್ರತಿ ಹಂತವೂ ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವೇ.

ತಪ್ಪು ಹೇಗೆ ಆಗುತ್ತದೆ

ನಮ್ಮಲ್ಲಿ ಎಣ್ಣೆ ಹಾಕುವವರು ಬಂಕ್‌ನ ಹುಡುಗರು. ಒಂದೇ ಮಾಡೆಲ್ ಪೆಟ್ರೋಲಲ್ಲೂ ಡೀಸೆಲಲ್ಲೂ ಬರುತ್ತದೆ, ಹೊರಗಿನಿಂದ ನೋಡಿದರೆ ಗುರುತು ಸಿಗುವುದಿಲ್ಲ. "ಸಾವಿರಕ್ಕೆ ಹಾಕಿ" ಎಂದಷ್ಟೇ ಹೇಳಿ ಫೋನಿನಲ್ಲಿ ಮುಳುಗಿದರೆ ಮಿಕ್ಕಿದ್ದೆಲ್ಲ ಅದೃಷ್ಟದ ಮೇಲೆ. ಇನ್ನೊಂದು ಗೊಂದಲ ಹೆಸರುಗಳದ್ದು. ಭಾರತ್ ಪೆಟ್ರೋಲಿಯಂನ 'ಸ್ಪೀಡ್' ದುಬಾರಿ ದರ್ಜೆಯ ಪೆಟ್ರೋಲ್. ಆದರೆ ಡೀಸೆಲ್‌ನ ವ್ಯಾಪಾರದ ಹೆಸರೇ 'ಹೈ ಸ್ಪೀಡ್ ಡೀಸೆಲ್'. ಡೀಸೆಲ್ ಗಾಡಿ ನಿಲ್ಲಿಸಿ "ಸ್ಪೀಡ್ ಹಾಕಿ" ಎಂದರೆ ಹುಡುಗ ಪೆಟ್ರೋಲ್ ಹಾಕಿದ್ದು ಅವನ ತಪ್ಪಲ್ಲ.

ನಾಝಲ್ ಸ್ವತಃ ತಡೆಯಬೇಕಿತ್ತು, ಆದರೆ ಅದು ಅರ್ಧ ಕಾವಲುಗಾರ. ಸೀಸರಹಿತ ಪೆಟ್ರೋಲ್ ಬಂದಂದಿನಿಂದ ಪೆಟ್ರೋಲ್ ಕಾರುಗಳ ಟ್ಯಾಂಕ್ ಬಾಯಿ ಕಿರಿದು. ಸುಮಾರು 21 ಮಿಲಿಮೀಟರ್ ದಪ್ಪದ ಪೆಟ್ರೋಲ್ ನಾಝಲ್ ಹೋಗುತ್ತದೆ, 24-25 ಮಿಲಿಮೀಟರಿನ ಡೀಸೆಲ್ ನಾಝಲ್ ಹೋಗುವುದಿಲ್ಲ. ಡೀಸೆಲ್ ಕಾರಿನ ಬಾಯಿ ಅಗಲ, ಅದರಲ್ಲಿ ಎರಡೂ ಹೋಗುತ್ತವೆ. ಹಾಗಾಗಿಯೇ ಡೀಸೆಲ್ ಗಾಡಿಗೆ ಪೆಟ್ರೋಲ್ ಬೀಳುವುದು ಹೆಚ್ಚು, ಕೆಡುಕೂ ಅದರಲ್ಲೇ ಹೆಚ್ಚು. ಎರಡಕ್ಕೂ ಒಂದೇ ಅಳತೆಯ ನಾಝಲ್ ಇಟ್ಟ ಬಂಕ್‌ಗಳೂ ಇವೆ. ಅಲ್ಲಿ ಈ ಅರ್ಧ ಕಾವಲೂ ಇಲ್ಲ. ಹಿಡಿಯ ಬಣ್ಣವನ್ನು ನಂಬಬೇಡಿ. ಮೀಟರಿನ ಮೇಲೆ ಬರೆದ ಹೆಸರು ಓದಿ, ಝೀರೋ ನೋಡುವಾಗಲೇ ಅದನ್ನೂ ನೋಡಿ.

ಬಿಲ್ಲಿನಲ್ಲಿ 'ಎಂಎಸ್' ಎಂದಿದ್ದರೆ ಪೆಟ್ರೋಲ್, 'ಎಚ್‌ಎಸ್‌ಡಿ' ಎಂದಿದ್ದರೆ ಡೀಸೆಲ್. ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಬಿಲ್ ಕೇಳಿ ಈ ಎರಡು ಮೂರು ಅಕ್ಷರ ಓದುವ ಅಭ್ಯಾಸ ಇಟ್ಟುಕೊಂಡರೆ ಈ ಬರಹದ ಅರ್ಧ ಭಾಗ ನಿಮಗೆ ಬೇಕಾಗುವುದಿಲ್ಲ.

ಬಂಕ್‌ನಲ್ಲಿ ಮೊದಲ ಹತ್ತು ನಿಮಿಷ

1. ತುಂಬುವುದನ್ನು ನಿಲ್ಲಿಸಿ. "ಅರ್ಧ ಲೀಟರ್ ಅಷ್ಟೇ ಸಾರ್, ಮೇಲೆ ಡೀಸೆಲ್ ಫುಲ್ ಮಾಡಿದರೆ ಸರಿಹೋಗುತ್ತೆ" ಎನ್ನುವವರು ಇದ್ದೇ ಇರುತ್ತಾರೆ. ಹಳೇ ಅಂಬಾಸಿಡರ್ ಡೀಸೆಲ್, ಹಳೇ ಜೀಪಿನಂಥ ಮೆಕ್ಯಾನಿಕಲ್ ಪಂಪಿನ ಕಾಲದಲ್ಲಿ ಆ ಮಾತು ನಡೆಯುತ್ತಿತ್ತು. ಈಗಿನ ಕಾಮನ್ ರೇಲ್ ಎಂಜಿನ್ನಿಗೆ, ಅಂದರೆ 'ರೇಲ್' ಎಂಬ ಒಂದೇ ಕೊಳವೆಯಿಂದ ಭಾರೀ ಒತ್ತಡದಲ್ಲಿ ಎಲ್ಲ ಸಿಲಿಂಡರಿಗೂ ಡೀಸೆಲ್ ಹೋಗುವ ಎಂಜಿನ್ನಿಗೆ, ಇಷ್ಟು ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲ. 60 ಲೀಟರ್ ಟ್ಯಾಂಕಿನಲ್ಲಿ 5 ಲೀಟರ್ ಪೆಟ್ರೋಲ್ ಎಂದರೆ ಶೇಕಡಾ 8ಕ್ಕಿಂತ ಹೆಚ್ಚು. ಅದು ಸಣ್ಣದಲ್ಲ.

2. ಕೀಯನ್ನು 'ಆನ್'ಗೆ ತರಬೇಡಿ. ಎಂಜಿನ್ ಸ್ಟಾರ್ಟ್ ಮಾಡದಿದ್ದರೂ ಆನ್ ಮಾಡಿದ ಕ್ಷಣವೇ ಟ್ಯಾಂಕಿನೊಳಗಿನ ಪಂಪ್ ಕೆಲವು ಸೆಕೆಂಡು ಓಡಿ ಎಣ್ಣೆಯನ್ನು ಲೈನಿಗೆ ತುಂಬುತ್ತದೆ. ಕೆಲವು ಕಾರುಗಳಲ್ಲಿ ಡ್ರೈವರ್ ಬಾಗಿಲು ತೆರೆದರೂ ಹೀಗಾಗುತ್ತದೆ, ಆದ್ದರಿಂದ ಸುಮ್ಮನೆ ಬಾಗಿಲು ತೆಗೆದು ಹಾಕುತ್ತ ಇರಬೇಡಿ. ಕಿಟಕಿ ಏರಿಸಲೂ ಆನ್ ಬೇಡ.

3. ತಳ್ಳಿ ಪಕ್ಕಕ್ಕೆ ನಿಲ್ಲಿಸಿ. ಸ್ಟಿಯರಿಂಗ್ ಲಾಕ್ ಬಿಡಿಸಲು ಕೀಯನ್ನು 'ಆನ್'ಗಿಂತ ಮೊದಲು ಬರುವ 'ಎಸಿಸಿ'ಗೆ ಮಾತ್ರ ತಿರುಗಿಸಿ, ಅಲ್ಲಿ ಇಂಧನ ಪಂಪ್ ಓಡುವುದಿಲ್ಲ. ಬಟನ್ ಸ್ಟಾರ್ಟ್ ಆದರೆ ಬ್ರೇಕ್ ತುಳಿಯದೆ ಒಂದೇ ಸಲ ಒತ್ತಿ. ಎರಡನೇ ಸಲ ಒತ್ತಿದರೆ ಆನ್. ಬ್ರೇಕ್ ತುಳಿದು ಒತ್ತಿದರೆ ಎಂಜಿನ್ನೇ ಸ್ಟಾರ್ಟ್. ಆಟೋಮ್ಯಾಟಿಕ್ ಗಾಡಿಯಲ್ಲಿ ಗೇರ್ ಹಿಡಿಯ ಪಕ್ಕದ ಪುಟ್ಟ ಮುಚ್ಚಳ ಎಬ್ಬಿಸಿ ಶಿಫ್ಟ್ ಲಾಕ್ ಬಿಡಿಸಿದರೆ ನ್ಯೂಟ್ರಲ್‌ಗೆ ಬರುತ್ತದೆ. ಆ ಸೌಲಭ್ಯ ಇಲ್ಲದಿದ್ದರೆ ಗಾಡಿ ಅಲ್ಲೇ ಇರಲಿ, ಹಿಂದಿನವರು ಇನ್ನೊಂದು ಪಂಪಿಗೆ ಹೋಗಲಿ. ಎಂಜಿನ್ ಆಫ್ ಇರುವಾಗ ಬ್ರೇಕೂ ಸ್ಟಿಯರಿಂಗೂ ಗಟ್ಟಿ ಇರುತ್ತವೆ, ಇಳಿಜಾರಿದ್ದರೆ ಎಚ್ಚರ.

4. ಮ್ಯಾನೇಜರನ್ನು ಕರೆದು ಬಿಲ್ ತೆಗೆದುಕೊಳ್ಳಿ. ಪಂಪ್ ನಂಬರ್, ನಾಝಲ್ ನಂಬರ್, ಸಮಯ, ಲೀಟರ್ ನಾಲ್ಕೂ ಇರಲಿ. ಪಂಪಿನ ಹತ್ತಿರ ನಿಂತು ಫೋಟೋ ತೆಗೆಯಬೇಡಿ, ಸಿಸಿಟಿವಿಯ ಆ ಹತ್ತು ನಿಮಿಷದ ಚಿತ್ರ ಉಳಿಸಿಡುವಂತೆ ಕೇಳಿ.

5. ರಸ್ತೆ ಸಹಾಯದ ಸೇವೆಗೆ ಫೋನ್ ಮಾಡಿ. ಕಾರು ಕಂಪನಿಯದ್ದೋ ವಿಮೆಯ ಜೊತೆ ಕೊಂಡದ್ದೋ ಇರುತ್ತದೆ, ಹಲವು ಯೋಜನೆಗಳಲ್ಲಿ ತಪ್ಪು ಇಂಧನದ ಟೋಯಿಂಗ್ ಸೇರಿರುತ್ತದೆ. ಚಕ್ರ ನೆಲಕ್ಕೆ ತಾಗದ ಫ್ಲಾಟ್‌ಬೆಡ್ ಕೇಳಿ. ಹಗ್ಗ ಕಟ್ಟಿ ಎಳೆಸುವಾಗ ಗೇರಿನಲ್ಲಿ ಬಿಟ್ಟರೆ ಎಂಜಿನ್ ತಿರುಗಿ, ತಡೆಯಬೇಕಾದದ್ದೇ ಆಗಿಬಿಡುತ್ತದೆ.

ಪೆಟ್ರೋಲ್ ಡೀಸೆಲ್ ಎಂಜಿನ್ನನ್ನು ಹೇಗೆ ಹಾಳು ಮಾಡುತ್ತದೆ

ಕಾಮನ್ ರೇಲ್ ಎಂಜಿನ್ನಿನ ಹೈ ಪ್ರೆಶರ್ ಪಂಪಿಗೆ ಬೇರೆ ಆಯಿಲ್ ಹಾಕುವುದಿಲ್ಲ. ಬಹುಪಾಲು ಪಂಪುಗಳ ಒಳಗೆ ಹರಿಯುವ ಡೀಸೆಲ್ಲೇ ಅದಕ್ಕೆ ಎಣ್ಣೆ, ಅದೇ ತಂಪು. ಅಲ್ಲಿನ ಒತ್ತಡ 1600ರಿಂದ 2000 ಬಾರ್. ಹೋಲಿಸಿ ನೋಡುವುದಾದರೆ ಕಾರಿನ ಟೈರಿನಲ್ಲಿರುವುದು 2 ಬಾರ್‌ಗಿಂತ ಸ್ವಲ್ಪ ಹೆಚ್ಚು. ಡೀಸೆಲ್‌ನ ಜಾರುಗುಣಕ್ಕೆ ಪರೀಕ್ಷೆಯೇ ಇದೆ. ಉಕ್ಕಿನ ಗುಂಡನ್ನು ಡೀಸೆಲ್‌ನಲ್ಲಿ ಮುಳುಗಿಸಿ ಉಜ್ಜಿದಾಗ ಬೀಳುವ ಗಾಯ 460 ಮೈಕ್ರಾನ್ ಮೀರಬಾರದು ಎಂದು ಬಿಎಸ್6 (ವಾಹನಗಳ ಹೊಗೆಯ ಮೇಲಿನ ಸರ್ಕಾರಿ ನಿಯಮ) ಡೀಸೆಲ್‌ನ ಮಾನದಂಡ ಹೇಳುತ್ತದೆ. ಪೆಟ್ರೋಲ್‌ಗೆ ಆ ಜಾರುಗುಣವಿಲ್ಲ, ಲೋಹದ ಮೇಲಿನ ಎಣ್ಣೆಯ ಪದರವನ್ನು ತೊಳೆದುಬಿಡುತ್ತದೆ. ಲೋಹಕ್ಕೆ ಲೋಹ ಉಜ್ಜಿ ಬೆಳ್ಳಿಯ ಪುಡಿಯಂಥ ಚೂರು ಏಳುತ್ತದೆ. ಎಂಜಿನ್ನೊಳಕ್ಕೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರಿನ ರಂಧ್ರ ಕೂದಲೆಳೆಯ ಗಾತ್ರದ್ದು, ಪುಡಿ ನೇರ ಅಲ್ಲಿಗೆ ಹೋಗುತ್ತದೆ.

ಇದರಲ್ಲಿ ಒಂದು ಕೆಟ್ಟ ತಿರುವಿದೆ. ಪಂಪು, ರೇಲು, ಇಂಜೆಕ್ಟರುಗಳಿಂದ ಉಳಿದ ಎಣ್ಣೆ ರಿಟರ್ನ್ ಪೈಪಿನಲ್ಲಿ ಮತ್ತೆ ಟ್ಯಾಂಕಿಗೆ ಬರುತ್ತದೆ, ಲೋಹದ ಪುಡಿಯನ್ನೂ ಹೊತ್ತುಕೊಂಡು. ಹಾಗಾಗಿ ಹೊಸ ಪಂಪ್ ಹಾಕಿ ಟ್ಯಾಂಕ್ ತೊಳೆಯದೆ ಬಿಟ್ಟರೆ ಹೊಸದೂ ಹೋಗುತ್ತದೆ.

ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಬೇರೆ ಇದೆ. ಶೇಕಡಾ 20 ಎಥೆನಾಲ್ ಇರುವ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಎಥೆನಾಲ್ ನೀರು ಹೀರುತ್ತದೆ, ಡೀಸೆಲ್ ಪಂಪಿಗೆ ನೀರು ಇನ್ನೊಂದು ಶತ್ರು.

ಟ್ಯಾಂಕ್ ಖಾಲಿ ಮಾಡುವ ಕ್ರಮ

ಮೊದಲೇ ಹೇಳಬೇಕಾದ್ದು: ಡೀಸೆಲ್ ಗಾಡಿಯ ಕೆಲಸ ಎಂದು ಸಲೀಸಾಗಿ ತಗೊಳ್ಳಬೇಡಿ. ಡೀಸೆಲ್‌ನ ಆವಿ ಕಿಡಿಗೆ ಹತ್ತಿಕೊಳ್ಳಬೇಕಾದರೆ 35 ಡಿಗ್ರಿಗಿಂತ ಮೇಲೆ ಕಾಯಬೇಕು. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿದ್ದರೂ ಹತ್ತಿಕೊಳ್ಳುತ್ತದೆ. ಸ್ವಲ್ಪ ಪೆಟ್ರೋಲ್ ಬೆರೆತರೂ ಆ ಮಿಶ್ರಣ ಪೆಟ್ರೋಲ್‌ನಂತೆಯೇ ಅಪಾಯ. ಪೈಪ್ ಬಾಯಿಗಿಟ್ಟು ಎಳೆಯುವುದಂತೂ ಬೇಡವೇ ಬೇಡ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆ. ಮೇಲಾಗಿ ಈಗಿನ ಕಾರುಗಳ ಟ್ಯಾಂಕ್ ಬಾಯಿಯಲ್ಲಿ ತಡೆ ಇರುವುದರಿಂದ ಪೈಪ್ ತಳ ಮುಟ್ಟುವುದೇ ಇಲ್ಲ.

ಗ್ಯಾರೇಜಿನಲ್ಲಿ ಕೆಲಸ ಹೀಗೆ ನಡೆಯಬೇಕು. ಪಕ್ಕದಲ್ಲಿ ನಿಂತು ನೋಡುವುದಕ್ಕೂ ಇದು ಪಟ್ಟಿ.

ಗಾಡಿ ಬಯಲಲ್ಲೋ ಗಾಳಿಯಾಡುವ ಶೆಡ್ಡಿನಲ್ಲೋ ಇರಲಿ. ಕೆಳಗೆ ಗುಂಡಿ ಇದ್ದರೆ ಬೇಡ, ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ. ಡ್ರೈ ಪೌಡರ್ ಬೆಂಕಿ ನಂದಕ ಕೈಗೆ ಸಿಗುವಂತಿರಲಿ. ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಬೇಕು, ಸಾಮಾನ್ಯವಾಗಿ 10 ನಂಬರ್ ಸ್ಪ್ಯಾನರ್ ಸಾಕು. ತಂತಿಯ ಬಲ್ಬು, ಡ್ರಿಲ್ಲು, ಮನೆಯ ವ್ಯಾಕ್ಯೂಮ್ ಕ್ಲೀನರ್ ಹತ್ತಿರ ಬರಬಾರದು.

ಹೆಚ್ಚಿನ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಭಾಗ ಎತ್ತಿದರೆ ತಗಡಿನ ಮುಚ್ಚಳ ಸಿಗುತ್ತದೆ. ಅದರ ಕೆಳಗೆ ಪಂಪಿನ ತಲೆ, ವೈರಿನ ಕನೆಕ್ಟರ್, ಎರಡು ಪೈಪು. ಮೊದಲು ಸುತ್ತಲಿನ ಧೂಳನ್ನು ಒರೆಸಬೇಕು, ಇಲ್ಲದಿದ್ದರೆ ಅದಷ್ಟೂ ಟ್ಯಾಂಕಿಗೆ ಉದುರುತ್ತದೆ. ಪಂಪನ್ನು ಹಿಡಿದಿಡುವ ರಿಂಗನ್ನು ಅದಕ್ಕೆಂದೇ ಇರುವ ಟೂಲಿನಿಂದ, ಇಲ್ಲವೇ ಹಿತ್ತಾಳೆಯ ಚಾಣದಿಂದ ತಿರುಗಿಸಬೇಕು. ಉಕ್ಕಿನ ಉಳಿ ಕಿಡಿ ಹಾರಿಸುತ್ತದೆ. ಪಂಪನ್ನು ಓರೆ ಮಾಡಿ ಮೇಲೆತ್ತಬೇಕು, ಗೇಜಿನ ಫ್ಲೋಟ್ ತಂತಿ ಬಾಗಿದರೆ ಮೀಟರ್ ಆಮೇಲೆ ಸುಳ್ಳು ಹೇಳುತ್ತದೆ. ಗಾಳಿಯಿಂದ ನಡೆಯುವ ಅಥವಾ ಕೈಪಂಪಿನಿಂದ ಎಣ್ಣೆಯನ್ನು ಲೋಹದ ಕ್ಯಾನಿಗೆ ಎಳೆದು ತೆಗೆಯಬೇಕು. ಟ್ಯಾಂಕ್ ಜೀನಿನಾಕಾರದ್ದಾದರೆ ಎರಡು ಹೊಟ್ಟೆಗಳಿರುತ್ತವೆ, ಒಂದನ್ನು ಖಾಲಿ ಮಾಡಿ ಮುಗಿಯಿತು ಎನ್ನುವುದು ಆಗಾಗ ಆಗುವ ತಪ್ಪು.

ಖಾಲಿಯಾದ ಮೇಲೆ 5 ಲೀಟರ್ ಹೊಸ ಡೀಸೆಲ್ ಹಾಕಿ ಕುಲುಕಿ ಅದನ್ನೂ ತೆಗೆಯಬೇಕು. ಡೀಸೆಲ್ ಫಿಲ್ಟರ್ ಹೊಸದು ಹಾಕಬೇಕು, ಹಳೆಯದನ್ನು ಎಸೆಯಬೇಡಿ, ಅದರ ಕತೆ ಮುಂದಿದೆ. ನಂತರ ಕನಿಷ್ಠ 15 ಲೀಟರ್ ಒಳ್ಳೆಯ ಡೀಸೆಲ್. ಬ್ಯಾಟರಿ ಜೋಡಿಸುವ ಮೊದಲು ಒಳಗೆ ಪೆಟ್ರೋಲ್ ವಾಸನೆ ಹೋಗುವವರೆಗೆ ಬಾಗಿಲು ತೆರೆದಿಡಿ.

ಈಗ ಲೈನಿನಲ್ಲಿ ಸೇರಿಕೊಂಡ ಏರ್ ತೆಗೆಯುವುದು. ಫಿಲ್ಟರಿನ ಮೇಲೆ ಕೈಪಂಪ್ ಇದ್ದರೆ ಗಟ್ಟಿಯಾಗುವವರೆಗೆ ಒತ್ತಿ. ಇಲ್ಲದಿದ್ದರೆ ಕೀ ಆನ್ ಮಾಡಿ ಹತ್ತು ಸೆಕೆಂಡು ಬಿಟ್ಟು ಆಫ್ ಮಾಡಿ, ಹೀಗೆ ಐದಾರು ಸಲ. ಆಮೇಲೆ ಸೆಲ್ಫ್ ಹೊಡೆಯಿರಿ, ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಅರ್ಧ ನಿಮಿಷ ವಿರಾಮ. ಒಣ ಪಂಪನ್ನು ಸೆಲ್ಫಿನಲ್ಲಿ ತಿರುಗಿಸುತ್ತಲೇ ಇದ್ದರೆ ಪೆಟ್ರೋಲ್ ಮಾಡದ ಹಾನಿಯನ್ನು ನೀವೇ ಮಾಡಿದಂತೆ. ಸ್ಟಾರ್ಟ್ ಆದ ಮೇಲೆ ಹತ್ತು ನಿಮಿಷ ಐಡಲಿನಲ್ಲಿ ಬಿಟ್ಟು, ಪೈಪಿನ ಸಂದುಗಳಲ್ಲಿ ಸೋರಿಕೆ ಇದೆಯೇ ನೋಡಿ, ಸ್ಕ್ಯಾನರ್ ಹಾಕಿ ರೇಲಿನ ಒತ್ತಡ ಓದಿಸಿ. ಪಿ0087 ಎಂಬ ಕೋಡ್ ಬಂದರೆ ರೇಲಿನಲ್ಲಿ ಒತ್ತಡ ಸಾಲುತ್ತಿಲ್ಲ ಎಂದರ್ಥ. ಎಲ್ಲ ಸರಿಯಿದ್ದರೂ 500 ಕಿಲೋಮೀಟರ್ ಆದ ಮೇಲೆ ಫಿಲ್ಟರ್ ಇನ್ನೊಮ್ಮೆ ಬದಲಾಯಿಸಿ.

ಗಾಡಿ ಓಡಿಬಿಟ್ಟಿದ್ದರೆ

ಲೈನಿನಲ್ಲಿ ಹಳೆಯ ಡೀಸೆಲ್ ಇರುವುದರಿಂದ ಬಂಕ್ ಬಿಟ್ಟು ಸ್ವಲ್ಪ ದೂರ ಏನೂ ಗೊತ್ತಾಗುವುದಿಲ್ಲ. ಆಮೇಲೆ ಎಂಜಿನ್ ಎಂದಿಗಿಂತ ಜೋರಾಗಿ ಕಟಕಟ ಎನ್ನುತ್ತದೆ, ಎಳೆತ ಇಳಿಯುತ್ತದೆ, ಹೊಗೆ, ಎಂಜಿನ್ ಲೈಟು. ಮೊದಲ ಲಕ್ಷಣಕ್ಕೇ ಎಡಕ್ಕೆ ತೆಗೆದು ಆಫ್ ಮಾಡಿ. "ಗ್ಯಾರೇಜ್ ಎರಡೇ ಕಿಲೋಮೀಟರ್" ಎಂದು ಹೋಗಬೇಡಿ, ಖರ್ಚು ಆ ಎರಡು ಕಿಲೋಮೀಟರಿನಲ್ಲೇ ಇರುವುದು.

ಈಗ ಹಳೇ ಫಿಲ್ಟರಿಗೆ ಬನ್ನಿ. ಅದರಲ್ಲಿದ್ದ ಎಣ್ಣೆಯನ್ನು ಬಿಳಿ ತಟ್ಟೆಗೆ ಸುರಿಸಿ. ಫಿಲ್ಟರಿನ ಕವಚವನ್ನು ಕತ್ತರಿಸಿ ಒಳಗಿನ ಕಾಗದದ ಮಡಿಕೆ ಬಿಡಿಸಿ, ಬಿಸಿಲಿಗೆ ಹಿಡಿದು ನೋಡಿ. ಸೀರೆಯಂಚಿನ ಜರಿಯ ಧೂಳು ಅಂಟಿದಂತೆ ಮಿಣುಕು ಕಂಡರೆ ಅದು ಲೋಹ. ತಟ್ಟೆಯ ತಳಕ್ಕೆ ಹೊರಗಿನಿಂದ ಆಯಸ್ಕಾಂತ ಹಿಡಿದು ಎಳೆದರೆ ಉಕ್ಕಿನ ಪುಡಿ ಹಿಂದೆಯೇ ಸರಿಯುತ್ತದೆ. ಇನ್ನೊಂದು ಜಾಗ ಹೈ ಪ್ರೆಶರ್ ಪಂಪಿನ ಇನ್ಲೆಟ್ಟಿನಲ್ಲಿ ಡೀಸೆಲ್ಲನ್ನು ಅಳೆದು ಬಿಡುವ ಮೀಟರಿಂಗ್ ವಾಲ್ವ್. ಅದನ್ನು ಬಿಚ್ಚಿ ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬೂದು ಬಣ್ಣವಾಗಿ ಮಿನುಗುತ್ತದೆಯೇ ನೋಡಿ.

ಎರಡೂ ಕಡೆ ಶುಚಿಯಾಗಿದ್ದರೆ ಮೇಲಿನ ಕ್ರಮವೇ ಸಾಕು, ಆದರೆ ಎಂಜಿನ್ ಆಯಿಲ್ ಕೂಡ ಬದಲಾಯಿಸಿ. ಸುಡದ ಇಂಧನ ಪಿಸ್ಟನ್ ಪಕ್ಕದಿಂದ ಜಾರಿ ಆಯಿಲಿಗೆ ಸೇರಿರುತ್ತದೆ. ಮಿಣುಕು ಕಂಡಿತೋ, ಪಂಪು, ನಾಲ್ಕು ಇಂಜೆಕ್ಟರು, ರೇಲು, ಲೋಹದ ಪೈಪುಗಳು, ಜೊತೆಗೆ ಟ್ಯಾಂಕ್ ಇಳಿಸಿ ತೊಳೆಯುವುದು. ಲಕ್ಷ ದಾಟುವುದು ಇಲ್ಲಿಯೇ. ಪಂಪ್ ಒಂದನ್ನೇ ಬದಲಾಯಿಸಿ ಉಳಿಸಿಕೊಡುತ್ತೇನೆ ಎನ್ನುವ ಮೆಕ್ಯಾನಿಕ್ ನಿಮ್ಮ ದುಡ್ಡು ಉಳಿಸುತ್ತಿಲ್ಲ.

ಪೆಟ್ರೋಲ್ ಕಾರಿಗೆ ಡೀಸೆಲ್

ಇದು ಅಷ್ಟು ಭಯಾನಕವಲ್ಲ. ಡೀಸೆಲ್ ಜಿಡ್ಡು, ಪಂಪನ್ನು ಸವೆಸುವುದಿಲ್ಲ. ಆದರೆ ಸ್ಪಾರ್ಕ್ ಪ್ಲಗ್ಗಿನ ಕಿಡಿಗೆ ಸರಿಯಾಗಿ ಹತ್ತಿಕೊಳ್ಳುವುದೂ ಇಲ್ಲ. ಎಂಜಿನ್ ಕುಂಟುತ್ತದೆ, ದಟ್ಟ ಹೊಗೆ ಬಿಡುತ್ತದೆ, ನಿಲ್ಲುತ್ತದೆ, ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಟ್ಯಾಂಕ್ ಖಾಲಿ ಮಾಡಿ, ಪೆಟ್ರೋಲ್ ಹಾಕಿ ಲೈನ್ ತೊಳೆದು, ಪ್ಲಗ್ ಬಿಚ್ಚಿ ಒರೆಸಿ ಅಥವಾ ಹೊಸದು ಹಾಕಿ, ಆಯಿಲ್ ಬದಲಾಯಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಟ ಮಾಡಿ ಓಡಿಸುತ್ತ ಹೋದರೆ ಮಾತ್ರ ಸುಡದ ಡೀಸೆಲ್ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಕೆಡಿಸುತ್ತದೆ, ಅದು ದುಬಾರಿ.

ಡಿಇಎಫ್: ನೀಲಿ ಮುಚ್ಚಳದ ಹೊಸ ತಲೆನೋವು

2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲೆ ಹಲವು ಡೀಸೆಲ್ ಗಾಡಿಗಳಿಗೆ ಇನ್ನೊಂದು ಪುಟ್ಟ ಟ್ಯಾಂಕ್ ಸೇರಿದೆ. ಮಹೀಂದ್ರ ಎಕ್ಸ್‌ಯುವಿ700 ಡೀಸೆಲ್ ಅಂಥದ್ದು. ಅದಕ್ಕೆ ಹಾಕುವ ಡಿಇಎಫ್ (ಡೀಸೆಲ್ ಎಕ್ಸಾಸ್ಟ್ ಫ್ಲೂಯಿಡ್), ಅಂದರೆ ಜನ ಆಡ್‌ಬ್ಲೂ ಎನ್ನುವುದು, ಶೇಕಡಾ 32.5 ಯೂರಿಯಾ, ಉಳಿದದ್ದು ಶುದ್ಧ ನೀರು. ಇದು ಡೀಸೆಲ್‌ಗೆ ಬೆರೆಸುವ ಆಡಿಟಿವ್ ಅಲ್ಲ, ಹೊಗೆಯ ವಿಷ ತಗ್ಗಿಸಲು ಹೊಗೆಗೆ ಸಿಂಪಡಿಸುವಂಥದ್ದು.

ಡೀಸೆಲ್ ಟ್ಯಾಂಕಿಗೆ ಡಿಇಎಫ್ ಬಿದ್ದರೆ ಒಂದು ಲೋಟವೂ ಕೆಟ್ಟದ್ದೇ. ಅದು ಡೀಸೆಲ್‌ಗಿಂತ ಭಾರ, ತಳಕ್ಕೆ ಇಳಿದು ನಿಲ್ಲುತ್ತದೆ, ಪಂಪ್ ಹೀರುವ ಬಾಯಿ ಇರುವುದೂ ಅಲ್ಲೇ. ಒಣಗಿದರೆ ಉಪ್ಪಿನಂಥ ಬಿಳಿ ಹರಳು, ಒಣಗದಿದ್ದರೆ ತುಕ್ಕು. ಕೀ ಮುಟ್ಟದಿದ್ದರೆ ಟ್ಯಾಂಕ್ ಇಳಿಸಿ ಶುದ್ಧ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಫಿಲ್ಟರ್ ಬದಲಾಯಿಸಿ ಪಾರಾಗಬಹುದು. ಮೇಲಿನಿಂದ ಎಳೆದು ತೆಗೆದರೆ ತಳದ ಮೂಲೆಯಲ್ಲಿ ಉಳಿದೇ ಉಳಿಯುತ್ತದೆ. ಡಿಇಎಫ್ ಟ್ಯಾಂಕಿಗೆ ಡೀಸೆಲ್ ಬಿದ್ದರೆ ಅಲ್ಲಿನ ಪಂಪಿನ ರಬ್ಬರ್ ಉಬ್ಬುತ್ತದೆ. ಅದಕ್ಕೂ ಅದೇ ನಿಯಮ, ಆನ್ ಮಾಡದೆ ಟ್ಯಾಂಕ್ ಇಳಿಸಬೇಕು. ಗೊಬ್ಬರದ ಯೂರಿಯಾವನ್ನು ನೀರಿಗೆ ಕಲಸಿ ಹಾಕಿದರೆ ಅದರಲ್ಲಿನ ಕಲ್ಮಶ ಸಿಂಪಡಿಸುವ ನಾಝಲನ್ನೂ ಕ್ಯಾಟಲಿಸ್ಟನ್ನೂ ಮುಚ್ಚಿಬಿಡುತ್ತದೆ. ಕ್ಯಾನಿನ ಮೇಲೆ ಐಎಸ್‌ಒ 22241 ಎಂದಿರಬೇಕು.

ಬ್ರೇಕ್ ಆಯಿಲ್ ಆಯಿಲ್ ಅಲ್ಲ

ಎಂಜಿನ್ ಕೆಟ್ಟರೆ ದುಡ್ಡು ಹೋಗುತ್ತದೆ, ಇಲ್ಲಿ ಜೀವ. ತಪ್ಪಿನ ಮೂಲ ನಮ್ಮ ಮಾತಿನಲ್ಲೇ ಇದೆ. ಎಲ್ಲರೂ 'ಬ್ರೇಕ್ ಆಯಿಲ್' ಎನ್ನುತ್ತೇವೆ, ಕೇಳಿಸಿಕೊಂಡವನು ಕೈಗೆ ಸಿಕ್ಕ ಎಂಜಿನ್ ಆಯಿಲನ್ನೋ ಪವರ್ ಸ್ಟಿಯರಿಂಗ್ ಆಯಿಲನ್ನೋ ಎರಡು ಮುಚ್ಚಳ ಹಾಕಿಬಿಡುತ್ತಾನೆ. ಡಾಟ್ 3, ಡಾಟ್ 4 ಎಂದು ಬರುವ ಬ್ರೇಕ್ ದ್ರವ ಗ್ಲೈಕಾಲ್ ಜಾತಿಯದ್ದು, ನೀರಿನಲ್ಲಿ ಕರಗುತ್ತದೆ. ಬ್ರೇಕಿನ ಒಳಗಿನ ರಬ್ಬರ್ ಇಪಿಡಿಎಂ ಎಂಬ ಬಗೆಯದು, ಗ್ಲೈಕಾಲ್ ತಾಳುತ್ತದೆ, ಎಂಜಿನ್ ಆಯಿಲಿನಂಥ ಖನಿಜ ತೈಲ ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ. ಪೆಡಲಿನ ಒತ್ತನ್ನು ದ್ರವಕ್ಕೆ ದಾಟಿಸುವ ಮಾಸ್ಟರ್ ಸಿಲಿಂಡರಿನಲ್ಲಿ, ದ್ರವ ಹಿಂದಿರುಗುವ ಸಣ್ಣ ತೂತನ್ನು ಉಬ್ಬಿದ ವಾಷರ್ ಮುಚ್ಚುತ್ತದೆ. ಪೆಡಲ್ ಬಿಟ್ಟರೂ ಬ್ರೇಕ್ ಬಿಡುವುದಿಲ್ಲ, ಚಕ್ರ ಕಾಯುತ್ತದೆ. ಇನ್ನೂ ಮುಂದುವರಿದರೆ ವಾಷರ್ ಹರಿದು ಪೆಡಲ್ ನೆಲಕ್ಕೆ ಹೋಗುತ್ತದೆ.

ಅನುಮಾನ ಬಂದರೆ ಎರಡು ಪರೀಕ್ಷೆ ಇವೆ, ಎರಡೂ ಬಾನೆಟ್ ಎತ್ತಿ ನಿಂತಲ್ಲೇ ಆಗುತ್ತವೆ. ಮೊದಲನೆಯದು ಬ್ರೇಕ್ ದ್ರವದ ಬಾಟಲಿಯ ಮುಚ್ಚಳದೊಳಗಿನ ರಬ್ಬರ್ ಪದರ. ಅದನ್ನು ತೆಗೆದು ಮತ್ತೆ ಕೂರಿಸಿ ನೋಡಿ. ಹಪ್ಪಳದಂತೆ ಅಲೆಯಾಗಿ ಬೆಳೆದು ಮುಚ್ಚಳದೊಳಗೆ ಕೂರಲು ಒಲ್ಲೆ ಎಂದರೆ ಎಣ್ಣೆ ಬೆರೆತಿದೆ, ಬೆರೆತು ದಿನಗಳೇ ಆಗಿವೆ. ಎರಡನೆಯದು, ಸಿರಿಂಜಿನಲ್ಲಿ ಮೇಲಿನಿಂದ ಚೂರು ದ್ರವ ಎಳೆದು ಗಾಜಿನ ಲೋಟದ ನೀರಿಗೆ ಬಿಡಿ. ಶುದ್ಧ ಬ್ರೇಕ್ ದ್ರವ ಕಲಕಿದರೆ ಪತ್ತೆಯಿಲ್ಲದಂತೆ ಕರಗುತ್ತದೆ. ಖನಿಜ ತೈಲ ಇದ್ದರೆ ಸಾರಿನ ಮೇಲಿನ ಒಗ್ಗರಣೆಯಂತೆ ಗುಂಡುಗುಂಡಾಗಿ ತೇಲುತ್ತದೆ.

ಹಾಕಿದ ಕೂಡಲೇ ಗೊತ್ತಾದರೆ ನಿಮ್ಮ ಪುಣ್ಯ. ಖನಿಜ ತೈಲ ಬ್ರೇಕ್ ದ್ರವಕ್ಕಿಂತ ಹಗುರ, ಬಾಟಲಿಯಲ್ಲಿ ಮೇಲೆಯೇ ನಿಂತಿರುತ್ತದೆ. ಬ್ರೇಕ್ ಪೆಡಲ್ ತುಳಿಯಬೇಡಿ. ಕ್ಲಚ್ಚನ್ನೂ ತುಳಿಯಬೇಡಿ, ಹಲವು ಕಾರುಗಳಲ್ಲಿ ಹೈಡ್ರಾಲಿಕ್ ಕ್ಲಚ್ಚಿಗೂ ಇದೇ ಬಾಟಲಿಯಿಂದ ಪೈಪು ಹೋಗಿರುತ್ತದೆ. ಸಿರಿಂಜಿನಿಂದ ಮೇಲಿನಿಂದ ಶುರು ಮಾಡಿ ಪೂರ್ತಿ ಎಳೆದು ತೆಗೆಯಿರಿ. ಗಾಡಿಯನ್ನು ಟೋ ಮಾಡಿಸಿ, ಗ್ಯಾರೇಜಿನಲ್ಲಿ ಬಾಟಲಿ ಬಿಚ್ಚಿ ತೊಳೆಸಿ, ಅದರ ಬುಡದ ರಬ್ಬರನ್ನೂ ಮುಚ್ಚಳದ ರಬ್ಬರನ್ನೂ ಹೊಸದು ಹಾಕಿಸಿ. ನಂತರ ನಾಲ್ಕೂ ಚಕ್ರದಿಂದ ಒಟ್ಟು ಕನಿಷ್ಠ 1 ಲೀಟರ್ ಹೊಸ ದ್ರವ ಹರಿಸಿ ಏರ್ ತೆಗೆಸಿ.

ಪೆಡಲ್ ತುಳಿದಿದ್ದರೆ, ಓಡಿಸಿದ್ದರೆ, ಚೌಕಾಸಿ ಇಲ್ಲ. ಮಾಸ್ಟರ್ ಸಿಲಿಂಡರ್, ಕ್ಯಾಲಿಪರ್ ಮತ್ತು ವೀಲ್ ಸಿಲಿಂಡರ್ ಕಿಟ್‌ಗಳು, ರಬ್ಬರ್ ಹೋಸ್‌ಗಳು, ಕ್ಲಚ್ಚಿನವು, ಎಲ್ಲ ಹೊಸದು. ಲೋಹದ ಪೈಪುಗಳನ್ನು ಸ್ಪಿರಿಟ್ಟಿನಿಂದ ತೊಳೆದು ಗಾಳಿ ಊದಬೇಕು. ಜೋರು ಬ್ರೇಕಿಗೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಘಟಕದೊಳಗಿನ ರಬ್ಬರ್ ಬಿಡಿಯಾಗಿ ಸಿಗುವುದಿಲ್ಲ, ಘಟಕವನ್ನೇ ಬದಲಾಯಿಸಬೇಕು. ಬರೀ ಹೊಸ ದ್ರವ ಹರಿಸಿದರೆ ಸಾಲದು, ಉಬ್ಬಿದ ರಬ್ಬರ್ ಮತ್ತೆ ಮೊದಲಿನಂತಾಗುವುದಿಲ್ಲ.

ಡಾಟ್ 3, 4, 5.1 ಒಂದಕ್ಕೊಂದು ಬೆರೆತರೆ ಗಾಬರಿ ಇಲ್ಲ, ಕುದಿಯುವ ಮಟ್ಟ ಸ್ವಲ್ಪ ಏರುಪೇರಾಗುತ್ತದೆ ಅಷ್ಟೇ. ಆದರೆ ಡಾಟ್ 5 ಎಂಬುದು ಸಿಲಿಕೋನ್, ಹೆಸರಲ್ಲಿ 5.1ರ ಅಣ್ಣನಂತಿದ್ದರೂ ಸಂಬಂಧವಿಲ್ಲ, ಬೆರೆಸಬೇಡಿ. ಮಟ್ಟ ಇಳಿದಿದೆ ಎಂದು ನೀರು ಹಾಕಿದವರೂ ಇದ್ದಾರೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಸೇರಿದಷ್ಟೂ ಈ ಅಂಕಿ ಇಳಿಯುತ್ತದೆ. ಆಗುಂಬೆ, ಚಾರ್ಮಾಡಿ ಇಳಿಯುವಾಗ ಬ್ರೇಕಿನಲ್ಲಿ ಆವಿ ಕಟ್ಟಿದರೆ ಪೆಡಲ್ ಸ್ಪಂಜಾಗುತ್ತದೆ. ನೀರು ಬಿದ್ದದ್ದು ಗೊತ್ತಿದ್ದರೆ ಪೂರ್ತಿ ಫ್ಲಶ್ ಮಾಡಿಸದೆ ಘಾಟಿಗೆ ಇಳಿಯಬೇಡಿ. ಬ್ರೇಕ್ ದ್ರವ ಪೇಂಟಿನ ಮೇಲೆ ಚೆಲ್ಲಿದರೆ ಒರೆಸದೆ ನೀರು ಸುರಿಯಿರಿ, ಒರೆಸಿದರೆ ಪೇಂಟ್ ಬಟ್ಟೆಗೆ ಬರುತ್ತದೆ.

ಕೂಲೆಂಟ್ ಬಾಟಲಿ, ವೈಪರ್ ಬಾಟಲಿ

ಎರಡೂ ಬಿಳಿ ಪ್ಲಾಸ್ಟಿಕ್, ಎರಡೂ ಬಾನೆಟ್ಟಿನ ಅಂಚಲ್ಲಿ. ವೈಪರ್ ನೀರಿನ ಸೋಪು ಕೂಲೆಂಟಿಗೆ ಬಿದ್ದರೆ ನೊರೆ ಕಟ್ಟುತ್ತದೆ, ನೊರೆಗೆ ಶಾಖ ಒಯ್ಯುವ ಶಕ್ತಿ ಇಲ್ಲ. ಇಲ್ಲಿ ನಿಮ್ಮ ಬಾಟಲಿ ಯಾವ ಬಗೆಯದು ನೋಡಿ. ರೇಡಿಯೇಟರ್ ಕುತ್ತಿಗೆಯಿಂದ ಒಂದೇ ಸಣ್ಣ ಪೈಪ್ ಬಂದಿದ್ದರೆ ಅದು ಬರೀ ಉಕ್ಕುವ ನೀರಿನ ಬಾಟಲಿ. ಎಂಜಿನ್ ಕಾದು ಮತ್ತೆ ತಣ್ಣಗಾಗುವಾಗ ಮಾತ್ರ ಅದರಿಂದ ಒಳಕ್ಕೆ ಎಳೆಯುತ್ತದೆ. ಇನ್ನೂ ಆ ಸುತ್ತು ಆಗಿಲ್ಲವಾದರೆ ಬಾಟಲಿ ಬಿಚ್ಚಿ ತೊಳೆದು ಕೂಲೆಂಟ್ ತುಂಬಿದರೆ ಮುಗಿಯಿತು. ದಪ್ಪ ಪೈಪುಗಳಿದ್ದು ಒತ್ತಡದ ಮುಚ್ಚಳವೂ ಬಾಟಲಿಗೇ ಇದ್ದರೆ ಅದು ಎಂಜಿನ್ನಿನ ಭಾಗವೇ. ಪೂರ್ತಿ ಇಳಿಸಿ, ಡಿಸ್ಟಿಲ್ಡ್ ನೀರಿನಲ್ಲಿ ನೊರೆ ನಿಲ್ಲುವವರೆಗೆ ಫ್ಲಶ್ ಮಾಡಿ, ಅರ್ಧಕ್ಕರ್ಧ ಕೂಲೆಂಟ್ ತುಂಬಬೇಕು. ಬಿಸಿ ಇದ್ದಾಗ ಮುಚ್ಚಳ ತೆಗೆಯಬೇಡಿ.

ಎಂಜಿನ್ ಆಯಿಲ್ ಕೂಲೆಂಟಿಗೆ ಬಿದ್ದರೆ ಹೋಸ್‌ಗಳು ಹತ್ತಿಯಂತೆ ಮೆತ್ತಗಾಗುತ್ತವೆ, ಫ್ಲಶ್ ಎರಡು ಮೂರು ಸಲ ಬೇಕು. ಹಸಿರು, ಕೆಂಪು ಎಂಬ ಬಣ್ಣ ಕಂಪನಿಯ ಇಷ್ಟ, ತಂತ್ರಜ್ಞಾನದ ಗುರುತಲ್ಲ. ಹೊಂದದ ಎರಡು ಬೆರೆತರೆ ರಾಗಿ ಅಂಬಲಿಯಂತೆ ಗಟ್ಟಿಯಾಗಿ ರೇಡಿಯೇಟರಿನ ಕಿರಿದಾದ ಕೊಳವೆಗಳನ್ನು ಮುಚ್ಚಬಹುದು. ಗೊತ್ತಿಲ್ಲದಿದ್ದರೆ ಡಿಸ್ಟಿಲ್ಡ್ ನೀರು ಸ್ವಲ್ಪ ಹಾಕಿ ಗ್ಯಾರೇಜ್ ಸೇರಿ. ಕೂಲೆಂಟ್ ವೈಪರ್ ಬಾಟಲಿಗೆ ಬಿದ್ದರೆ ಗಾಜು ಮಬ್ಬಾಗುತ್ತದೆ. ಕಾರಿಗೆ ಹಾನಿಯಿಲ್ಲ, ಆದರೆ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ, ತೆಗೆದದ್ದನ್ನು ಮಕ್ಕಳು, ನಾಯಿ ಸುಳಿಯುವ ಕಡೆ ಚೆಲ್ಲಬೇಡಿ.

ಎಂಜಿನ್ ಆಯಿಲ್, ಗೇರ್ ಆಯಿಲ್

ಆಯಿಲ್ ಬಾಯಿಗೆ ನೀರೋ ಕೂಲೆಂಟೋ ಹಾಕಿದ್ದರೆ ಸ್ಟಾರ್ಟ್ ಮಾಡಬೇಡಿ, ನೀರು ಭಾರವಾಗಿ ಎಂಜಿನ್ನಿನ ಬುಡದ ಆಯಿಲ್ ಸಂಪಿನ ತಳದಲ್ಲಿರುತ್ತದೆ. ಡ್ರೈನ್ ಬೋಲ್ಟ್ ಬಿಚ್ಚಿದರೆ ಮೊದಲು ಅದೇ ಬರುತ್ತದೆ. ರಾತ್ರಿಯಿಡೀ ಸೋರಲು ಬಿಟ್ಟು, ಹೊಸ ಫಿಲ್ಟರ್, ಅಗ್ಗದ ಸರಿಯಾದ ಗ್ರೇಡಿನ ಆಯಿಲ್ ಹಾಕಿ ಹತ್ತು ನಿಮಿಷ ಐಡಲ್, ಮತ್ತೆ ಇಳಿಸಿ ಒಳ್ಳೆಯದು ತುಂಬಿ. ಸ್ಟಾರ್ಟ್ ಆಗಿದ್ದರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ಬಂದಿರುತ್ತದೆ, ಆ ಬಣ್ಣ ಹೋಗುವವರೆಗೆ ಇದನ್ನೇ ಮಾಡಬೇಕು.

5ಡಬ್ಲ್ಯು-30 ಗ್ರೇಡಿನ ಎಂಜಿನ್ ಆಯಿಲ್ ಬೇಕಾದ ಕಡೆ ಅದಕ್ಕಿಂತ ದಪ್ಪದ 15ಡಬ್ಲ್ಯು-40 ಬಿದ್ದರೆ ತುರ್ತಿಲ್ಲ, ಮೈಲೇಜ್ ಇಳಿದೀತು, ಬೇಗ ಬದಲಾಯಿಸಿದರಾಯಿತು.

ಸರ್ವಿಸ್‌ನಲ್ಲಿ ಆಗುವ ಒಂದು ವಿಚಿತ್ರ ತಪ್ಪು: ಎಂಜಿನ್ ಎಂದುಕೊಂಡು ಗೇರ್‌ಬಾಕ್ಸಿನ ಆಯಿಲ್ ಇಳಿಸಿ, ಎಂಜಿನ್ನಿಗೆ ಹೊಸದಾಗಿ ತುಂಬುವುದು. ಎಂಜಿನ್ನಲ್ಲಿ ದುಪ್ಪಟ್ಟು, ಗೇರ್‌ಬಾಕ್ಸ್ ಒಣ. ಗ್ಯಾರೇಜಿನಿಂದ ಹೊರಡುವ ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ, ಕೆಳಗಿನ ಗೆರೆಗೂ ಮೇಲಿನ ಗೆರೆಗೂ ನಡುವೆ ಹೆಚ್ಚಿನ ಕಾರುಗಳಲ್ಲಿ ಸುಮಾರು 1 ಲೀಟರ್ ಅಂತರ. ಮೇಲಿನ ಗೆರೆಗಿಂತ ಬೆರಳಷ್ಟು ಮೇಲಿದ್ದು, ಆಯಿಲ್ ಕಪ್ಪಾಗಿಯೇ ಇದ್ದರೆ ಅಲ್ಲೇ ನಿಲ್ಲಿಸಿ. ಸಿವಿಟಿ (ಹಲ್ಲಿನ ಗೇರುಗಳ ಬದಲು ಬೆಲ್ಟಿನಲ್ಲಿ ನಡೆಯುವ ಆಟೋಮ್ಯಾಟಿಕ್) ಗೇರ್‌ಬಾಕ್ಸಿಗೆ ಮಾಮೂಲಿ ಆಟೋಮ್ಯಾಟಿಕ್ ಆಯಿಲ್ ಹಾಕಿದರೆ ಒಳಗಿನ ಲೋಹದ ಬೆಲ್ಟ್ ಜಾರಿ ಗೀರು ಬೀಳುತ್ತದೆ. ಕ್ಯಾನಿನ ಮೇಲೆ ಸಿವಿಟಿ ಎಂಬ ಅಕ್ಷರ ಕಣ್ಣಾರೆ ನೋಡಿ.

ತಪ್ಪು ಬಂಕಿನದ್ದಾದರೆ

ಬಿಲ್ಲಿನಲ್ಲಿ ಎಂಎಸ್ ಎಂದಿದೆ, ನಿಮ್ಮ ಆರ್‌ಸಿಯಲ್ಲಿ ಡೀಸೆಲ್ ಎಂದಿದೆ: ಈ ಎರಡು ಕಾಗದ ಜೊತೆಗಿಟ್ಟರೆ ಅರ್ಧ ವಾದ ಮುಗಿದಂತೆ. ಹಲವು ಬಂಕ್‌ಗಳು ತಪ್ಪು ತಮ್ಮದಾದರೆ ಟ್ಯಾಂಕ್ ತೊಳೆಸುವ ಖರ್ಚು ಕೊಟ್ಟು ಮುಗಿಸುತ್ತವೆ. ಒಪ್ಪಿದ್ದನ್ನು ಬರಹದಲ್ಲಿ ತೆಗೆದುಕೊಳ್ಳಿ. ಒಪ್ಪದಿದ್ದರೆ ದೂರು ಪುಸ್ತಕದಲ್ಲಿ ಬರೆದು, ತೈಲ ಕಂಪನಿಯ ಗ್ರಾಹಕ ಸೇವೆಗೆ, ನಂತರ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ. ಟ್ಯಾಂಕ್ ಖಾಲಿ ಮಾಡುವಾಗ 1 ಲೀಟರ್ ಮಾದರಿಯನ್ನು ಶುಚಿಯಾದ ಅಲ್ಯೂಮಿನಿಯಂ ಡಬ್ಬಿಯಲ್ಲಿ ತುಂಬಿಸಿ, ಮುಚ್ಚಳಕ್ಕೆ ಸೀಲ್ ಹಾಕಿ, ಬಂಕಿನವರ, ಮೆಕ್ಯಾನಿಕ್‌ನ, ನಿಮ್ಮ ಸಹಿ ಮಾಡಿಸಿ. ಬದಲಾಯಿಸಿದ ಹಳೇ ಫಿಲ್ಟರ್, ಇಂಜೆಕ್ಟರ್ ಬಿಟ್ಟು ಬರಬೇಡಿ, ಅವೂ ಸಾಕ್ಷಿ. ಸಾಮಾನ್ಯ ವಾಹನ ವಿಮೆ ಇಂಥ ಹಾನಿಯನ್ನು ಹೆಚ್ಚಾಗಿ ಕಟ್ಟಿಕೊಡುವುದಿಲ್ಲ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ಇದ್ದರೂ ಅದರಲ್ಲಿ ತಪ್ಪು ಇಂಧನ ಸೇರಿದೆಯೇ ಎಂದು ಷರತ್ತುಗಳನ್ನು ಓದಿ.

ಉಳಿದ ಮಿಶ್ರಣವನ್ನು ಏನು ಮಾಡುವುದು? ಬೈಕಿಗೂ ಬೇಡ, ಜನರೇಟರಿಗೂ ಬೇಡ, ಕಸ ಸುಡುವುದಕ್ಕಂತೂ ಖಂಡಿತ ಬೇಡ. ಚರಂಡಿಗೆ ಸುರಿದರೆ ಆವಿ ಮೋರಿಯಲ್ಲಿ ಉದ್ದಕ್ಕೂ ಹರಡಿ ಯಾರದೋ ಬೀಡಿ ಕಿಡಿಗೆ ಕಾದಿರುತ್ತದೆ. ಮುಚ್ಚಿದ ಲೋಹದ ಕ್ಯಾನಿನಲ್ಲಿ, ಮೇಲೆ 'ಪೆಟ್ರೋಲ್ ಬೆರೆತ ಡೀಸೆಲ್' ಎಂದು ದಪ್ಪಕ್ಷರದಲ್ಲಿ ಬರೆದು, ಹಳೇ ಆಯಿಲ್ ಒಯ್ಯುವ ಪರವಾನಗಿ ಪಡೆದವರಿಗೆ ಗ್ಯಾರೇಜಿನ ಮೂಲಕವೇ ಕೊಡಿ.